ಉಜ್ಜಿ ಉಜ್ಜಿ ಅಳಿಸಿದ ರಾಜ

ಚಿಂತಾಮಣಿಯಲ್ಲಿ ಹಳೇ ನಾಣ್ಯ ಪರೀಕ್ಷಿಸುವ ಹಿರಿಯರೊಬ್ಬರು ನಮ್ಮ ಮುತ್ತಾತನ ಚಿನ್ನದ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಅದು ಯಾವ ರಾಜನದೆಂದು ತಿಳಿದು ಮಗಳಿಗೆ ಹೇಳುವ ಆಸೆ ನನಗೆ.

"ಅಸಲಿ ಚಿನ್ನಾನೇ ಕಣಪ್ಪ. ಇದರ ಮೇಲಿದ್ದ ಅಕ್ಷರ, ಚಿತ್ರ ಎಲ್ಲಿಗೆ ಹೋಯ್ತು?"

ನಾನು ಎದೆಯುಬ್ಬಿಸಿದೆ. "ವರ್ಷಾ ವರ್ಷಾ ವರಮಹಾಲಕ್ಷ್ಮಿ ಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ನಾನೇ ಉಜ್ತೀನಿ ಸ್ವಾಮಿ. ಬೇರೆಯವರ ಕೈಗೆ ಕೊಡಲ್ಲ."

"ಅಯ್ಯೋ, ಸೋಮಾರಿ ಕೈಗೆ ಕೊಟ್ಟಿದ್ರೆ ಉಳೀತಿತ್ತಲ್ಲಪ್ಪ! ಯಾವ ರಾಜಂದು ಅಂತ ಇನ್ನು ಯಾರೂ ಹೇಳೋಕಾಗಲ್ಲ."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ದುಡಿಮೆಯಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಜಂಗಮಕೋಟೆಯಲ್ಲೇ ಇಲ್ಲವೆಂದು ಬೀಗುತ್ತಿದ್ದವನು ನಾನು. ಅದೇ ದುಡಿಮೆ ಒಬ್ಬ ರಾಜನನ್ನೇ ಅಳಿಸಿಹಾಕಿತ್ತು.

ಈಗ ನಾಣ್ಯ ಹತ್ತಿಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿದೆ. ಹಬ್ಬ ಹತ್ತಿರ ಬಂದರೆ ನನ್ನ ಹೆಂಡತಿ ಬೀರುವಿಗೆ ಬೀಗ ಹಾಕುವ ಮೊದಲು ಹುಣಸೆಹಣ್ಣಿನ ಡಬ್ಬಿಯನ್ನು ಬಚ್ಚಿಡುತ್ತಾಳೆ.