ಗಂಗಕ್ಕನ ಚಾಪೆ ಮತ್ತು ನನ್ನ ಕಾರಿನ ತಗಡು

ಡೀಸೆಲ್ ಎಂಜಿನ್ನು ತಾನು ಬಿಟ್ಟ ಹೊಗೆಯನ್ನು ಸ್ವಲ್ಪ ತಾನೇ ಕುಡಿಯುತ್ತದೆ. ನಿಮಗೆ ಗೊತ್ತಿತ್ತೇ? ನನಗಂತೂ ಗೊತ್ತಿರಲಿಲ್ಲ. ಇಷ್ಟು ವರ್ಷ ಕಾರು ಓಡಿಸಿದ ನಾನು ಬಾನೆಟ್ ಎತ್ತಿದ್ದು ವೈಪರಿಗೆ ನೀರು ಹಾಕಲಿಕ್ಕೆ ಮಾತ್ರ.

ಈಚೆಗೆ ನಮ್ಮ ಕಾರಿಗೆ ಏದುಸಿರು ಶುರುವಾಗಿತ್ತು. ನಾವಿರುವ ನವನಗರದಿಂದ ಧಾರವಾಡಕ್ಕೆ ಹೊರಟರೆ ಏರಿನಲ್ಲಿ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು. ಜೊತೆಗೆ ಕರಿ ಹೊಗೆ. ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ಬಸಣ್ಣ ಒಳಗೆ ಕೈ ಹಾಕಿ, ಬೆರಳ ತುಂಬ ಮಸಿ ತೆಗೆದು ತೋರಿಸಿದ.

"ಇಜಿಆರ್ ವಾಲ್ವ್ ಕಟ್ಟೇತ್ರಿ ಸರ. ಹೊಗಿ ಹೊಳ್ಳಿ ಎಂಜಿನ್ನಿಗೆ ಹೋಗೂ ದಾರಿ ಇದು. ಭಾಳ ಮಂದಿ ಇಲ್ಲೊಂದು ತಗಡು ಹಾಕಿಸಿ ಬಂದ್ ಮಾಡಸ್ತಾರ. ನೀವೂ ಹಾಕಸ್ತೀರೇನು?"

"ಹೊಗಿ ಹೊಳ್ಳಿ ಒಳಗ ಯಾಕ ಹೋಗಬೇಕೋ ಬಸಣ್ಣ?"

"ಪೊಲ್ಯೂಶನ್ ಸಲುವಾಗಿ ಅಂತಾರ್ರಿ. ಗಾಡಿಗೇನೂ ಉಪಯೋಗಿಲ್ಲ."

ಗಾಡಿಗೆ ಉಪಯೋಗವಿಲ್ಲದ್ದು ನನಗೇಕೆ? ಹಾಕಿಸಿದೆ. ಅಂಗೈಯಲ್ಲಿ ಕೂರುವ ತಗಡು, ಎರಡು ಬೋಲ್ಟು. ತರಿಸಿದ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ವಾಪಸ್ ಬರುವಾಗ ಕಾರು ಎಳೆದದ್ದನ್ನು ನೀವು ನೋಡಬೇಕಿತ್ತು. ಕರಿ ಹೊಗೆಯೂ ಮಾಯ. ಹೊಗೆ ತಪಾಸಣೆಗೆ ಒಯ್ದರೆ ಅಲ್ಲೂ ಪಾಸು. (ಅಲ್ಲಿನ ಯಂತ್ರ ನೋಡುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನಷ್ಟೇ ಅಂತ ಆಮೇಲೆ ತಿಳಿಯಿತು.)

ಈಗ ಎದುರು ಮನೆಯ ಗಂಗಕ್ಕನ ವಿಷಯಕ್ಕೆ ಬರುತ್ತೇನೆ. ವಯಸ್ಸಾದವರು, ಉಬ್ಬಸ ಇದೆ. ಚಳಿಗಾಲದ ಮುಂಜಾನೆ ಎಳೆಬಿಸಿಲು ಮೊದಲು ಬೀಳುವುದು ನಮ್ಮ ಗೇಟಿನ ಪಕ್ಕ. ಅಲ್ಲಿ ಚಾಪೆ ಹಾಸಿಕೊಂಡು ಹೂಬತ್ತಿ ಹೊಸೆಯುತ್ತಾರೆ. ನಾನೋ, ಕಾರು ಚಾಲೂ ಮಾಡಿ, ಬಿಸಿಯಾಗಲಿ ಅಂತ ಅಲ್ಲೇ ಬಿಟ್ಟು, ಚಹಾ ಕುಡಿಯಲು ಒಳಗೆ ಹೋಗುವವನು. (ನಮ್ಮ ಓಣಿಯ ಗಂಡಸರ ರಿವಾಜೇ ಇದು.) ಕರಿ ಹೊಗೆ ಕಂಡ ಕೂಡಲೇ ಗಂಗಕ್ಕ ನನ್ನನ್ನು ಬೈದು, ಚಾಪೆ ಎಳೆದುಕೊಂಡು ಆಚೆ ಹೋಗುತ್ತಿದ್ದರು.

ತಗಡು ಹಾಕಿಸಿದ ಮೇಲೆ ಬೈಗುಳ ನಿಂತಿತು. "ತಮ್ಮಾ, ನಿನ್ನ ಕಾರು ಶಾಣ್ಯಾ ಆಗೇತಿ ನೋಡು" ಎಂದರು. ಬಿಸಿಲು ಬಿಟ್ಟು ಏಳುವ ಕಾರಣವೇ ಇಲ್ಲ. ಕಾರು ಗುರುಗುಟ್ಟುತ್ತಿದ್ದರೂ ಅದರ ಬೆನ್ನಿಗೇ ಕೂತು ಬತ್ತಿ ಹೊಸೆದರು. ಆದರೆ ಕೆಮ್ಮು ಮಾತ್ರ ಜಾಸ್ತಿಯಾಯಿತು. "ಈ ಸಲ ಥಂಡಿ ಭಾಳ ಐತೆಪಾ" ಅಂದರು.

ನಾನು ತಗಡಿನ ಕಥೆಯನ್ನೂ ಗಂಗಕ್ಕನ ಮಾತನ್ನೂ ಊಟಕ್ಕೆ ಕೂತಾಗ ಜಂಬದಿಂದ ಹೇಳಿದೆ. ಗಂಗಕ್ಕನ ಸರ್ಟಿಫಿಕೇಟ್ ಸಿಗುವುದು ಸಣ್ಣ ಮಾತೇ? ನನ್ನ ಹೆಂಡತಿ ಸುಮಂಗಲಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಅವಳು ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟಳು.

"ಕಡಿಮಿ ಆಗಿದ್ದು ಮಸಿ ಅಷ್ಟ ರೀ. ಹೊಗಿ ಒಳಗ ಹೊಳ್ಳಿ ಬಿಡೂದು ಎಂಜಿನ್ನಿನ ಕಾವು ಇಳಿಸಾಕ. ಆ ದಾರಿ ಬಂದ್ ಆಗಿ ಕಾವು ಏರಿತಂದ್ರ ಕಣ್ಣಿಗೆ ಕಾಣದ ಕೆಟ್ಟ ಗಾಳಿ ಜಾಸ್ತಿ ಹುಟ್ಟತೈತಿ. ಉಬ್ಬಸದವರಿಗೆ ಅದ ಬ್ಯಾಡಾದದ್ದು."

ನಾನು ಪಲ್ಯದ ಪಾತ್ರೆಗೆ ಕೈ ಚಾಚಿದೆ. ಅವಳು ಬಿಡಲಿಲ್ಲ.

"ಮೊದಲ ಹೊಗಿ ಕಂಡು ಎದ್ದು ಹೋಗತಿದ್ರು. ಈಗ ಏನು ಕಂಡು ಎದ್ದು ಹೋಗಬೇಕು ಅವರು?"

ಗಂಗಕ್ಕನ ಕೆಮ್ಮಿಗೆ ಥಂಡಿ ಕಾರಣವೋ, ನನ್ನ ಕಾರು ಕಾರಣವೋ, ಆಣೆ ಮಾಡಿ ಹೇಳಲಾರೆ. ಆದರೆ ಅಂದಿನ ಊಟ ರುಚಿಸಲಿಲ್ಲ, ಇದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ.

ಮತ್ತೆ ಬಸಣ್ಣನ ಗ್ಯಾರೇಜು. "ಛಲೋ ಓಡಾಕತ್ತೇತಲ್ರಿ ಸರ, ಯಾಕ ತೆಗಸ್ತೀರಿ?" ಎಂದು ಗೊಣಗುತ್ತಲೇ ತಗಡು ಬಿಚ್ಚಿ, ವಾಲ್ವಿನ ಮಸಿ ತೊಳೆದು ಕೂರಿಸಿದ. ಈಗ ನಾನು ಚಹಾ ಕುಡಿದ ಮೇಲೆಯೇ ಕಾರು ಚಾಲೂ ಮಾಡುತ್ತೇನೆ, ಮಾಡಿದ ಕೂಡಲೇ ಹೊರಡುತ್ತೇನೆ. ಏರಿನಲ್ಲಿ ಮೊನ್ನೆಯ ಹುರುಪಿಲ್ಲ. ಚಾಲೂ ಆಗುವಾಗ ಒಂದು ಗುಟುಕು ಕರಿ ಹೊಗೆ ಬಂದೇ ಬರುತ್ತದೆ.

ನಿನ್ನೆ ಮುಂಜಾನೆ ಅದನ್ನು ಕಂಡ ಗಂಗಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಚಾಪೆ ಎಳೆದುಕೊಂಡು ದೂರ ಹೋದರು. ಅಲ್ಲಿಂದಲೇ ಕೇಳಿದರು: "ಛಲೋ ಇದ್ದ ಕಾರು ಯಾಕ ಕೆಡಿಸಿದ್ಯೋ ತಮ್ಮಾ?"

ನೀವು ಹೀಗೆ ಎದ್ದು ದೂರ ಹೋಗಲಿ ಅಂತಲೇ ಕೆಡಿಸಿದೆ ಎಂದು ಅವರಿಗೆ ಹೇಗೆ ಹೇಳಲಿ?