ಮೇಕೆಗಳ ಕಣಿವೆಗೆ ಇಬ್ಬರು

ಬೆನ್ನಿಗೇರಿಸುವ ಚೀಲಕ್ಕೆ ಎಷ್ಟು ಜೇಬುಗಳಿರಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲವಾದ್ದರಿಂದ ನಾನು ಕೊಂಡುತಂದ ಚೀಲಕ್ಕೆ ಹದಿಮೂರು ಜೇಬುಗಳಿದ್ದವು. ನನ್ನ ಕನ್ನಡಕ ಯಾವುದರಲ್ಲಿದೆ ಎಂಬುದು ಪ್ರತಿಸಲವೂ ಹದಿಮೂರನೆಯದಕ್ಕೆ ಕೈಹಾಕಿದಾಗಲೇ ನನಗೆ ತಿಳಿಯುತ್ತಿತ್ತು. ನನ್ನ ಹೆಂಡತಿ ಪದ್ಮಾಳ ಚೀಲಕ್ಕೆ ಇರುವುದು ಎರಡೇ ಜೇಬು. ಅದರೊಳಗೆ ಸೂಜಿ ಎಲ್ಲಿದೆ, ಉಪ್ಪು ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಅನುಕೂಲಗಳು ಹೆಚ್ಚಿದಂತೆಲ್ಲ ಹುಡುಕಾಟವೂ ಹೆಚ್ಚುತ್ತದೆ ಎಂಬ ತತ್ತ್ವವನ್ನು ಮಂಡಿಸಿ ನಾನು ನನ್ನ ದಡ್ಡತನಕ್ಕೆ ಒಂದು ಮರ್ಯಾದೆಯ ಹೊದಿಕೆ ಹೊದಿಸಲು ನೋಡಿದೆ. ಅವಳು ಒಪ್ಪಲಿಲ್ಲ.

ನಾನು ಭೂಗೋಳದ ಮೇಷ್ಟ್ರು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಕೊನೆಗೆ ಕೋಲಾರ ಎಂದು ಸರ್ಕಾರಿ ಪ್ರೌಢಶಾಲೆಗಳಲ್ಲಿ ಊರೂರು ತಿರುಗಿ ನಿವೃತ್ತನಾದವನು. ಖೈಬರ್ ಕಣಿವೆ ಎಲ್ಲಿದೆ, ಬೋಲನ್ ಕಣಿವೆ ಯಾವ ಪರ್ವತಶ್ರೇಣಿಯನ್ನು ಸೀಳುತ್ತದೆ ಎಂದು ಜನ್ಮವಿಡೀ ಕೋಲು ಹಿಡಿದು ನಕಾಶೆಯ ಮೇಲೆ ತೋರಿಸಿದೆನೇ ಹೊರತು ನಾನಾಗಿ ದಾಟಿದ ಅತಿ ದುರ್ಗಮ ಕಣಿವೆಯೆಂದರೆ ಹಬ್ಬದ ಹಿಂದಿನ ದಿನದ ಕೋಲಾರ ಬಸ್ ನಿಲ್ದಾಣ. ಪದ್ಮಾಳ ಕಥೆ ಬೇರೆ. ಅವಳು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿದ್ದವಳು, ರೈತರಿಗೆ ಹುಳು ಸಾಕುವುದನ್ನು ಹೇಳಿಕೊಡುವ ಕೆಲಸ. ಸುಗಟೂರಿನ ಸುತ್ತಲಿನ ಹಳ್ಳಿಗಳಲ್ಲಿ ಹುಳುಮನೆಯಿಂದ ಹುಳುಮನೆಗೆ, ಹಿಪ್ಪುನೇರಳೆ ತೋಟದಿಂದ ತೋಟಕ್ಕೆ ಕಾಲ್ನಡಿಗೆಯಲ್ಲೇ ಓಡಾಡಿ, ಹುಳು ಗೂಡು ಕಟ್ಟುವಷ್ಟು ಹಣ್ಣಾಗಿದೆಯೇ, ಸೊಪ್ಪು ಸಾಲುತ್ತದೆಯೇ ಎಂದು ನೋಡಿ ಬರುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಭೂಗೋಳ ಓದಿದವನು ಒಬ್ಬ, ಅದರ ಮೇಲೆ ನಡೆದವಳು ಇನ್ನೊಬ್ಬಳು.

ಸಂಕ್ರಾಂತಿ ಕಳೆದ ಮೇಲೆ ಎರಡು ದಿನದ ಮಟ್ಟಿಗೆ ಡೇರೆ, ಒಲೆ, ಅವಲಕ್ಕಿ ಕಟ್ಟಿಕೊಂಡು ಯಾವುದಾದರೂ ಬೆಟ್ಟ ಹತ್ತಿ ಇಳಿಯುವುದು ನಮ್ಮ ಹಳೆಯ ಚಾಳಿ. ಹೋದ ವರ್ಷ ಅದು ತಪ್ಪಿತು. ಪದ್ಮಾಳ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅವಳನ್ನು ಒಳಗೆ ಕರೆದುಕೊಂಡು ಹೋದ ಬಾಗಿಲಿನ ಎದುರು ಬೆಳಿಗ್ಗೆಯಿಂದ ಸಂಜೆವರೆಗೆ ಕುಳಿತಿದ್ದ ನಾನು ಆ ದಿನ ಎಷ್ಟು ಹೆದರಿದ್ದೆನೆಂದರೆ, ಅವಳು ಗುಣವಾಗಿ ಮನೆಗೆ ಬಂದರೂ ನನ್ನ ಹೆದರಿಕೆ ಮಾತ್ರ ಡಿಸ್ಚಾರ್ಜ್ ಆಗಲಿಲ್ಲ. ಬಿಂದಿಗೆ ಮುಟ್ಟಬೇಡ, ಮೆಟ್ಟಿಲು ಹತ್ತಬೇಡ, ಮದುವೆಮನೆಗೆ ಬೇಡ, ಅಲ್ಲಿ ಜನ ಜಾಸ್ತಿ. ಯಾರಾದರೂ ಕರೆಯಲು ಬಂದರೆ ಅವಳು ಬಾಯಿ ತೆರೆಯುವ ಮೊದಲೇ "ಅವಳ ಕೈಲಾಗಲ್ಲ ಬಿಡಿ" ಎಂದು ನಾನೇ ಹೇಳಿಬಿಡುತ್ತಿದ್ದೆ. ಡಾಕ್ಟರು ನಡೆಯಿರಿ ಎಂದಿದ್ದರು, ಉಸಿರು ಸಾಕು ಎಂದಾಗ ನಿಲ್ಲಿ ಎಂದಿದ್ದರು. ಡಾಕ್ಟರ ಮಾತಿಗಿಂತ ನನ್ನ ಮಾತೇ ಮನೆಯಲ್ಲಿ ಹೆಚ್ಚು ನಡೆಯಿತು.

ಈ ಸಲ ಸಂಕ್ರಾಂತಿಯ ಎಳ್ಳು ಬೀರಿ ಬಂದವಳೇ ಪದ್ಮಾ ತಾರಸಿಗೆ ಹೋಗಿ ನಿಂತು ಬೆಟ್ಟದ ಕಡೆ ಕೈಮಾಡಿ, "ಈ ವರ್ಷ ಅಲ್ಲಿಂದ ದಾಟೋಣ ಕಣ್ರೀ" ಎಂದಳು. ಅವಳು ತೋರಿಸಿದ್ದು ಸಾಲುಬೆಟ್ಟದ ನಡುವೆ ತಟ್ಟೆ ಇಡ್ಲಿಯನ್ನು ಯಾರೋ ಒಂದು ಕಡೆ ಕಚ್ಚಿ ಬಿಟ್ಟಂತೆ ಕಾಣುವ ಒಂದು ತಗ್ಗನ್ನು. ಅದಕ್ಕೆ ದಾರಿಯೂ ಇಲ್ಲ, ಬೋರ್ಡೂ ಇಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಾಡಿದವನು ಖಂಡಿತ ಕೋಲಾರದವನಲ್ಲ. ನಮ್ಮ ಬೆಟ್ಟಗಳು ದೂರದಿಂದಲೂ ನುಣ್ಣಗಿಲ್ಲ, ಹತ್ತಿರದಿಂದಲೂ ಇಲ್ಲ. ಬಂಡೆಯ ಮೇಲೆ ಬಂಡೆ, ಅದರ ಸಂದಿಯಲ್ಲಿ ಕಾರೆಮುಳ್ಳು, ಅದರಾಚೆ ಮತ್ತೊಂದು ಬಂಡೆ. ಇಂಥದ್ದನ್ನು ದಾಟಲು ನಮ್ಮ ಮುಂದೆ ಮೂರು ಮಾರ್ಗಗಳಿದ್ದವು. ಒಂದು, ಬೆಟ್ಟದ ದೇವಸ್ಥಾನಕ್ಕೆ ಹೋಗುವ ಮೆಟ್ಟಿಲಿನದು, ಅಲ್ಲಿ ಕೋತಿಗಳು, ಭಕ್ತರು, ಸೌತೆಕಾಯಿ ಮಾರುವವರು, ಸುಸ್ತಾದರೆ ಕೂರಲು ಕಟ್ಟೆ. ಎರಡು, ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗುವ ಟಾರು ರಸ್ತೆ; ಅದರಲ್ಲಿ ಚೀಲ ಹೊತ್ತು ನಡೆದರೆ ಹಾಲಿನ ವ್ಯಾನಿನವರು ನಿಲ್ಲಿಸಿ ಕೂರಿಸಿಕೊಳ್ಳುತ್ತಾರೆ, ಅಲ್ಲಿಗೆ ಚಾರಣ ಮುಗಿಯುತ್ತದೆ. ಮೂರು, ಪದ್ಮಾ ತೋರಿಸಿದ್ದು. ದಾರಿಯಿಲ್ಲದ ಕಡೆ ದಾರಿ ಆರಿಸುವುದಕ್ಕೂ ಒಂದು ವಿದ್ಯೆಯಿದೆ. ಇಳಿಜಾರು ಎಷ್ಟು ಕಡಿದು, ನೀರು ಎಲ್ಲಿ ಹರಿದಿದೆ, ಅರ್ಧಕ್ಕೆ ನಿಂತರೆ ನೆರಳುಂಟೇ, ಆಚೆ ಇಳಿಯಲು ಸಂದಿಯುಂಟೇ ಎಂದು ಒಂದು ವಾರ ನಾನು ನಕಾಶೆಯ ರೇಖೆಗಳನ್ನೂ ಮೊಬೈಲಿನ ಉಪಗ್ರಹಚಿತ್ರವನ್ನೂ ಭೂತಗನ್ನಡಿ ಹಿಡಿದು ಪರಾಮರ್ಶಿಸಿದೆ. ಪದ್ಮಾ ಒಂದೇ ಮಾತು ಕೇಳಿದಳು: "ಮೇಕೆಗಳು ಹೋಗ್ತವಾ?"

ಹೋಗುತ್ತವೆಯೋ ಇಲ್ಲವೋ ನೋಡಿ ಬರುತ್ತೇನೆಂದು ನಾನೊಬ್ಬನೇ ಬೆಟ್ಟದ ಬುಡದ ಹಳ್ಳಿಗೆ ಹೋದೆ. ನನ್ನ ಮನಸ್ಸಿನೊಳಗೆ ಏನಿತ್ತೆಂದು ನಿಮಗೆ ಹೇಳಲೇಬೇಕು. ಆ ಕಣಿವೆ ಕೆಟ್ಟದಾಗಿರಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದೆ. ಊರಾಚೆ ಹುಣಸೆಮರದ ಕೆಳಗೆ ಮೇಕೆ ಕಾಯುವ ಅಕ್ಕಾಯಮ್ಮ ಎಂಬ ಹೆಂಗಸು ನನ್ನ ಚೀಲ ನೋಡಿ, "ದೂರಾನಾ ಸಾರ್?" ಎಂದಳು.

ನಮ್ಮ ಸೀಮೆಯಲ್ಲಿ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗೆಂದು ಕುತೂಹಲವನ್ನು ನುಂಗಿಕೊಳ್ಳಲು ನಮ್ಮವರೇನು ಸನ್ಯಾಸಿಗಳೇ? ಅದಕ್ಕಾಗಿಯೇ "ದೂರಾನಾ" ಎಂಬ ಈ ಸಭ್ಯ ಪ್ರಶ್ನೆ. ಹೌದು ಎಂದರೂ ಸರಿ, ಇಲ್ಲೇ ಎಂದರೂ ಸರಿ, ಅದರಾಚೆ ಯಾರೂ ಕೆದಕುವುದಿಲ್ಲ. ನಾನು "ಇಲ್ಲೇ" ಎಂದೆ. "ಮಂಚಿದಿ ಸಾರ್, ಹುಷಾರಾಗ್ ಹೋಗ್ಬನ್ನಿ" ಎಂದು ತೆಲುಗೂ ಕನ್ನಡವೂ ಕಲಸಿ ಹರಸಿ ಅವಳು ಮೇಕೆಗಳ ಹಿಂದೆ ಹೋದಳು. ನನಗೆ ಆ ಪದ್ಧತಿಯ ಮೇಲೆ ಅಂದು ಹುಟ್ಟಿದಷ್ಟು ಗೌರವ ಎಂದೂ ಹುಟ್ಟಿರಲಿಲ್ಲ. ಕೇಳುವವರಿಲ್ಲವೆಂದ ಮೇಲೆ ತಿಳಿಯುವವರೂ ಇಲ್ಲ ತಾನೇ ಎಂದುಕೊಂಡೆ.

ಕಣಿವೆ ಕೆಟ್ಟದಾಗಿರಲಿಲ್ಲ. ಅಯ್ಯೋ, ಅದು ಎಷ್ಟು ಚೆನ್ನಾಗಿತ್ತು! ಮೇಕೆಗಳು ತುಳಿದು ತುಳಿದು ಬಂಡೆಗಳ ನಡುವೆ ಒಂದು ಕಾಲಿಡುವಷ್ಟು ಅಗಲದ ಜಾಡು ಮಾಡಿದ್ದವು. ಕಡಿದಾದ ಕಡೆ ಅದೇ ಬಳಸಿಕೊಂಡು ಹೋಗುತ್ತಿತ್ತು. ತುದಿಯಲ್ಲಿ ನಿಂತರೆ ಒಂದು ಕಡೆ ಕೋಲಾರದ ಮನೆಗಳು, ಕೆರೆ, ಹೈವೇ. ಇನ್ನೊಂದು ಕಡೆ ಬೆಟ್ಟದ ಮೇಲಿನ ಹೊಲಗಳು, ಡೇರೆ ಹಾಕಲು ಹೇಳಿ ಮಾಡಿಸಿದ ಹುಲ್ಲುಹಾಸು. ನಾನು ಅಲ್ಲಿ ನಿಂತು ಸಂತೋಷಪಡಬೇಕಾಗಿತ್ತು. ಬದಲಿಗೆ, ಇಲ್ಲಿ ಅವಳಿಗೆ ಏನಾದರೂ ಆದರೆ ಕೆಳಗಿಳಿಸಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿಕೊಂಡೆ. ಇಳಿಯುವಷ್ಟರಲ್ಲಿ ನನ್ನ ಸುಳ್ಳು ಸಿದ್ಧವಾಗಿತ್ತು.

"ಬಂಡೆ ಉರುಳಿ ದಾರಿ ಮುಚ್ಚಿಹೋಗಿದೆ, ಮುಳ್ಳು ಬೇರೆ ಬೆಳೆದಿದೆ. ಅರ್ಧಕ್ಕೇ ವಾಪಸ್ ಬಂದೆ" ಎಂದೆ. ಪದ್ಮಾ ಅವರೆಕಾಯಿ ಸುಲಿಯುತ್ತಿದ್ದಳು. "ಹೌದಾ" ಎಂದಳು, ಅಷ್ಟೇ. ಆಮೇಲೆ ಸುಲಿದ ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕತೊಡಗಿದಳು. ಅವಳಿಗೆ ಅಷ್ಟು ಬೇಸರವಾದುದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಮೆಟ್ಟಿಲಿನ ದಾರಿಯೇ ಗಟ್ಟಿಯಾಯಿತು.

ಹೊರಡುವ ದಿನ ಅವಳು ಒಂದು ಕೋರಿಕೆಯಿಟ್ಟಳು: ಮೆಟ್ಟಿಲೇ ಹತ್ತೋಣ, ಆದರೆ ಆ ಹಳ್ಳಿಯ ಮೇಲೆ ಹಾದು ಹೋಗೋಣ, ಕಣಿವೆಯನ್ನು ಬುಡದಿಂದ ಒಂದು ಸಲ ನೋಡುತ್ತೇನೆ. ಎಲ್ಲಿಗೆ ಎಂದು ಯಾರೂ ಕೇಳುವಂತಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನೂ ಆಗಲಿ ಎಂದೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವುದು ಹೀಗೆಯೇ.

ಹೊರಟವರನ್ನು ಕೇಳಬಾರದೆಂಬುದು ನಿಯಮ. ಹೋಗಿ ಬಂದವರನ್ನು ಕೇಳಬಾರದೆಂದು ಯಾರೂ ನಿಯಮ ಮಾಡಿಲ್ಲ. ಹುಣಸೆಮರದ ಕೆಳಗಿದ್ದ ಅಕ್ಕಾಯಮ್ಮ ನನ್ನನ್ನು ಕಂಡವಳೇ ಮುಖವರಳಿಸಿ, "ಬಂದ್ರಾ ಸಾರ್? ಅವತ್ತು ತುದೀಲಿ ಅಷ್ಟೊತ್ತು ನಿಂತಿದ್ರಲ್ಲ, ಗಾಳಿ ಜೋರಾಗಿತ್ತಾ? ಕೆಳಗಿಂದ ಕಾಣ್ತಾ ಇದ್ರಿ" ಎಂದಳು.

ಪದ್ಮಾ ನನ್ನ ಮುಖ ನೋಡಲಿಲ್ಲ. ಅಕ್ಕಾಯಮ್ಮನನ್ನೇ ಕೇಳಿದಳು: "ದಾರಿ ಹೆಂಗಿದೆ ಅಕ್ಕಾ? ಬಂಡೆ ಗಿಂಡೆ ಬಿದ್ದಿದೆಯಾ?"

"ಬಂಡೆ ಯಾಕ್ ಬೀಳ್ತದಮ್ಮಾ? ದಿನಾ ನಾನೂ ಮೇಕೆಗಳೂ ಹತ್ತಿ ಇಳೀತೀವಿ. ಮೇಕಲ ಕನುಮ ಅಂತೀವಿ ನಾವು, ಮೇಕೆಗಳ ಕಣಿವೆ."

ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ. ಭೂಗೋಳದ ಮೇಷ್ಟ್ರಿಗೆ ಅಷ್ಟು ಉಪಕಾರವನ್ನೂ ಅದು ಮಾಡಲಿಲ್ಲ. ಪದ್ಮಾ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು. "ರೀ, ಆಪರೇಷನ್ ಆಗಿದ್ದು ನನ್ನ ಎದೆಗೆ. ಅದರ ಭಯನೆಲ್ಲಾ ನೀವೇ ಇಟ್ಕೊಂಡಿದ್ದೀರಿ. ಇಟ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಸುಳ್ಳು ಹೇಳ್ಬಿಟ್ರಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ. ನನಗೆ ನಾಚಿಕೆಯಿಂದ ಕಣ್ಣು ತುಂಬಿತು. ತಪ್ಪಾಯಿತು ಎಂದೆ. ಅವಳು ಆಗಲೇ ಜಾಡು ಹಿಡಿದಿದ್ದಳು.

ಅವಳು ಮುಂದೆ, ನಾನು ಹಿಂದೆ. ಅವಳ ಉಸಿರನ್ನು ಎಣಿಸಬಾರದೆಂದು ನಿರ್ಧರಿಸಿ ಎಣಿಸುತ್ತಲೇ ಹೋದೆ. ಕಾಲಿಡುವ ಮೊದಲು ಕಲ್ಲನ್ನು ಕೋಲಿನಿಂದ ತಟ್ಟಿ ನೋಡುವ ಅವಳ ಹಳೆಯ ಕ್ರಮ ಮರೆತಿರಲಿಲ್ಲ. ಎರಡು ಕಡೆ ಕೂತಳು, ನೀರು ಕುಡಿದಳು, ಎದ್ದಳು. ಒಮ್ಮೆ ತಿರುಗಿ, "ಅಲ್ನೋಡ್ರೀ, ನೀಲಗಿರಿ ತೋಪಿನಾಚೆ, ಸುಗಟೂರು ಆ ಕಡೆ ಬರುತ್ತೆ" ಎಂದು ನಕ್ಕಳು. ಆ ನಗು ಕಂಡು ನಾನೆಂಥ ಪಾಪಿ ಎನ್ನಿಸಿತು. ಮೇಲೆ ಎರಡು ಬಂಡೆಗಳ ನಡುವಿನ ಆಕಾಶ ಅಗಲವಾಗುತ್ತ ಬಂದಿತ್ತು; ಇನ್ನು ಒಂದು ತಿರುವು, ಒಂದು ಸಣ್ಣ ಏರು. ಅಲ್ಲಿ ಅವಳು ಮೂರನೆಯ ಸಲ ಕೂತಳು. ಬಹಳ ಹೊತ್ತು ಏಳಲಿಲ್ಲ.

"ಸಾಕು ಕಣ್ರೀ, ಇಳಿಯೋಣ."

ನಂಬುತ್ತೀರೋ ಇಲ್ಲವೋ, ಆಗ ಹಟ ಹಿಡಿದವನು ನಾನು. ಇಷ್ಟೇ ಇದೆ, ಚೀಲ ಕೊಡು, ಕೈ ಹಿಡಿದುಕೋ, ಹತ್ತು ನಿಮಿಷ ಕೂತು ಹೋಗೋಣ ಎಂದು ಗೋಗರೆದೆ. ಅವಳನ್ನು ತುದಿ ಮುಟ್ಟಿಸಿದರೆ ನನ್ನ ಸುಳ್ಳು ತೊಳೆದುಹೋಗುತ್ತದೆಂಬ ಲೆಕ್ಕಾಚಾರ ಒಳಗಿದ್ದಿರಬೇಕು. ಪದ್ಮಾ ತಲೆಯಾಡಿಸಿದಳು. "ಇಷ್ಟೇ ಇದೆ ಅಂತ ನಂಗೂ ಕಾಣುತ್ತೆ. ನನ್ನ ಉಸಿರು ಸಾಕು ಅಂತಿದೆ. ಅದು ನಿಮಗೆ ಕೇಳಲ್ಲ, ನಂಗೆ ಕೇಳುತ್ತೆ" ಎಂದಳು. ಅವಳ ಮುಖದಲ್ಲಿ ಆಯಾಸವಿತ್ತು, ಸೋಲಿರಲಿಲ್ಲ. ನಾವು ನಿಧಾನವಾಗಿ ಇಳಿದೆವು.

ಇಷ್ಟು ಬೇಗ ಮರಳಿದ ನಮ್ಮನ್ನು ನೋಡಿ ಅಕ್ಕಾಯಮ್ಮ ಓಡಿಬಂದಳು. "ಯಾಕಮ್ಮಾ, ದಾರಿ ಸಿಗ್ಲಿಲ್ವಾ?"

ಗಾಳಿ ಜಾಸ್ತಿಯಿತ್ತು, ಬಿಸಿಲೇರಿತು, ನನ್ನ ಮೊಣಕಾಲು ಹಿಡಿಯಿತು ಎಂದು ಮೂರು ನೆಪಗಳು ಒಟ್ಟಿಗೇ ನನ್ನ ನಾಲಿಗೆಯ ತುದಿಗೆ ಬಂದವು. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡೆ. ಒಂದು ವರ್ಷದಲ್ಲಿ ಅದೇ ಮೊದಲು.

"ದಾರಿ ಚೆನ್ನಾಗೇ ಇದೆ ಅಕ್ಕಾ. ನನ್ನ ಕೈಲಾಗ್ಲಿಲ್ಲ" ಎಂದಳು ಪದ್ಮಾ, ಅವಳ ಬಾಯಿಂದಲೇ, ತಲೆ ಎತ್ತಿಕೊಂಡು. ಹುಣಸೆಮರದ ನೆರಳಿನಲ್ಲಿ ಚೀಲ ಇಳಿಸಿ, ಡೇರೆಯ ಗಂಟು ಬಿಚ್ಚುತ್ತ, "ನಾಳೆ ಬೆಳಿಗ್ಗೆ ಮೇಕೆಗಳನ್ನ ಎಷ್ಟೊತ್ತಿಗೆ ಬಿಡ್ತೀರಿ?" ಎಂದು ಕೇಳಿದಳು.