ಅಕ್ಕಿ ಡ್ರಮ್ಮಿನಲ್ಲಿ ಬ್ರೇಕ್ ಆಯಿಲ್

ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಉಸ್ತಾದರು ಮುಕ್ಕಾಲು ತುಂಬಿದ್ದ ಬ್ರೇಕ್ ಆಯಿಲಿನ ಡಬ್ಬಿಯೊಂದನ್ನು ಎತ್ತಿ ಹಳೆ ಎಣ್ಣೆಯ ಪೀಪಾಯಿಗೆ ಬಗ್ಗಿಸಿಬಿಟ್ಟರು. ಅದರ ಸೀಲನ್ನು ಹಿಂದಿನ ದಿನ ಒಡೆದಿದ್ದರು, ಅಷ್ಟೇ ಅದು ಮಾಡಿದ ತಪ್ಪು. ನಮ್ಮೂರು ಕುಂದಾಪುರದ ಬಸ್ ಗ್ಯಾರೇಜಿನಲ್ಲಿ ಅಂಥ ಡಬ್ಬಿ ಮೊಳೆಗೆ ನೇತಾಡುತ್ತ ಮೂರು ಮಳೆಗಾಲ ಕಳೆಯುತ್ತಿತ್ತು. ಈ ಊರಿನವರಿಗೆ ತಲೆ ಸರಿ ಇಲ್ಲ ಎಂದು ನಾನು ಆಗಲೇ ತೀರ್ಮಾನಿಸಿದೆ.

ಆ ತೀರ್ಮಾನಕ್ಕೆ ಬೇರೆ ಪುರಾವೆಗಳೂ ಇದ್ದವು. ಬೊಂಬಾಯಿ ಪಕ್ಕದ ಕಾಮೋಠೆಯಲ್ಲಿ ಕಟ್ಟಡಗಳು ಇನ್ನೂ ಏಳುತ್ತಿದ್ದ ಕಾಲವದು. ನಮ್ಮ ಬಾಡಿಗೆ ಕೋಣೆಗೆ ಗಾಳಿ ಬರುತ್ತಿರಲಿಲ್ಲ, ಬಂದರೆ ಸಿಮೆಂಟಿನ ಧೂಳಿನ ಜೊತೆಗೇ. ಊರಲ್ಲಿ ಬಾವಿಯಿಂದ ಕೊಡಪಾನಗಟ್ಟಲೆ ಸೇದಿ ತಲೆಗೆ ಸುರಿದುಕೊಂಡವನು ಇಲ್ಲಿ ಎರಡು ಮಗ್ಗು ನೀರಿನಲ್ಲಿ ಸ್ನಾನ ಮುಗಿಸಬೇಕು. ಕಟ್ಟಡದವರ ಸಂಘಕ್ಕೆ ಇಲ್ಲಿ 'ಸೊಸಾಯ್ಟಿ' ಎನ್ನುತ್ತಾರೆ. ಮದುವೆಯಾಗದ ಗಂಡಸರೆಂದರೆ ಅದರ ಪದಾಧಿಕಾರಿಗಳ ಕಣ್ಣಿಗೆ ಕಳ್ಳರೇ. ಕುಚ್ಚಲಕ್ಕಿ ಬೇಕಾದರೆ ಗಾಡಿ ಬದಲಿಸಿ ಡೊಂಬಿವಲಿಗೆ ಹೋಗಿ ಚೀಲ ಹೊತ್ತು ತರಬೇಕು. ಲೋಕಲ್ ಗಾಡಿಯಲ್ಲಿ ಆ ಚೀಲದ ದೆಸೆಯಿಂದ ಬೈಸಿಕೊಂಡಷ್ಟು ನಾನು ಅಪ್ಪನಿಂದಲೂ ಬೈಸಿಕೊಂಡಿಲ್ಲ.

ನಮ್ಮ ಗ್ಯಾರೇಜು ರೇಸ್ ಕಾರುಗಳದ್ದು. ರೇಸ್ ಎಂದರೆ ಊರಿನಲ್ಲಿ ಕೂತು ಏನೇನೋ ಊಹಿಸಬೇಡಿ. ಅಪ್ಪ ಕಟ್ಟಿಸಿದ ಫ್ಲ್ಯಾಟುಗಳು ಮಾರಾಟವಾದ ಸಂತೋಷಕ್ಕೆ ಮಕ್ಕಳು ಆಡುವ ಆಟ ಅದು. ಠಾಣೆಯ ವರ್ತಕ ನಗರದ ಬಿಲ್ಡರ್ ಒಬ್ಬರ ಮಗ ರೋಹನ್ ನಮ್ಮ ಮುಖ್ಯ ಗಿರಾಕಿ. ಇಂಟರ್ನೆಟ್ಟಿನಲ್ಲಿ ಅರ್ಧಂಬರ್ಧ ಓದಿಕೊಂಡು ಬಂದು, "ಸಬ್‌ಸೇ ಹೈ ಬಾಯ್ಲಿಂಗ್ ಪಾಯಿಂಟ್ ವಾಲಾ ಡಾಲೋ" ಎನ್ನುತ್ತಿದ್ದ, ಎಲ್ಲಕ್ಕಿಂತ ಹೆಚ್ಚು ಕಾವಿಗೆ ಕುದಿಯುವ ಬ್ರೇಕ್ ಆಯಿಲೇ ಹಾಕಿ ಎಂದು. ದಿನವೂ ಆಫೀಸಿಗೆ ಓಡಿಸುವ ಕಾರಿಗೂ ಅವನಿಗೆ ಅದೇ ಬೇಕು.

ಬ್ರೇಕ್ ಆಯಿಲಿಗೆ ಕುದಿಯುವ ಮಟ್ಟ ಎರಡು ಎಂದು ಉಸ್ತಾದರು ಅವನಿಗೆ ಹತ್ತು ಸಲ ಹೇಳಿದ್ದರು. ಹೊಸದಾಗಿದ್ದಾಗ ಒಂದು, ಗಾಳಿಯ ತೇವ ಕುಡಿದ ಮೇಲೆ ಇನ್ನೊಂದು. ರೇಸಿಗೆಂದೇ ಮಾಡಿದ ಆಯಿಲ್ ಹೊಸದರಲ್ಲಿ ಎಂಥ ಕಾವನ್ನೂ ತಾಳುತ್ತದೆ, ಆದರೆ ಬಹಳ ಬೇಗ ತೇವ ಹೀರುತ್ತದೆ. ಆದ್ದರಿಂದ ರೇಸಿಗೊಮ್ಮೆ ಪೂರ್ತಿ ಬದಲಿಸಬೇಕು, ಅದೂ ಸೀಲು ಒಡೆಯದ ಡಬ್ಬಿಯಿಂದ. ವರ್ಷಗಟ್ಟಲೆ ಆಯಿಲ್ ಬದಲಿಸದ ಮನೆಯ ಕಾರಿಗೆ ಸಾಧಾರಣ ಆಯಿಲೇ ಕ್ಷೇಮ. ತೇವ ಕುಡಿದ ಆಯಿಲ್ ಕಾದ ಬ್ರೇಕಿನಲ್ಲಿ ಕುದ್ದು ಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಮಾತ್ರ ಅದುಮಿಕೊಳ್ಳುತ್ತದೆ, ಕಾರು ನಿಲ್ಲುವುದಿಲ್ಲ.

ಇದೆಲ್ಲ ನನಗೆ ಚೆನ್ನಾಗಿ ಅರ್ಥವಾಗಿತ್ತು. ಡಿಪ್ಲೊಮಾ ಮಾಡಿದವನು ನಾನು. ಆದರೆ ಒಳ್ಳೆಯ ಪದಾರ್ಥಕ್ಕೆ ತೇವ ತಾಗದಂತೆ ಇಟ್ಟುಕೊಳ್ಳುವ ಉಪಾಯ ಈ ದೊಡ್ಡ ಮನುಷ್ಯರಿಗೆ ಗೊತ್ತಿಲ್ಲವೆಂದು ಒಳಗೊಳಗೇ ನಗುತ್ತಿದ್ದೆ. ನಮ್ಮಮ್ಮ ಮಳೆ ಸುರಿಯುವ ಆಟಿ ತಿಂಗಳಲ್ಲಿ ಬೆಂಕಿಪೊಟ್ಟಣ, ಕರ್ಪೂರ, ಹಪ್ಪಳದ ಕಟ್ಟು ಎಲ್ಲವನ್ನೂ ಅಕ್ಕಿಯೊಳಗೆ ಹೂತಿಡುತ್ತಿದ್ದಳು. ಕಡ್ಡಿ ಗೀರಿದರೆ ಒಂದೇ ಸಲಕ್ಕೆ ಹೊತ್ತುತ್ತಿತ್ತು. ಉಸ್ತಾದರು ಚೆಲ್ಲಲು ಕೊಟ್ಟ ರೇಸ್ ಆಯಿಲಿನ ಡಬ್ಬಿಯೊಂದನ್ನು ನಾನೂ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಸುತ್ತಿ, ಕೋಣೆಯ ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತೆ. ಇಡೀ ಮಳೆಗಾಲ ಅದು ಅಲ್ಲೇ ಇತ್ತು.

ಗ್ಯಾರೇಜಿನಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವನು ಶರಣಪ್ಪ ಒಬ್ಬನೇ. ಕಲಬುರಗಿ ಕಡೆಯವನು, ವಿಠ್ಠಲವಾಡಿಯ ಚಾಳಿನಲ್ಲಿ ಸಂಸಾರ. ಮೊದಲು ಇಟ್ಟಿಗೆ ಹೊರುತ್ತಿದ್ದನಂತೆ. ಆಯಿಲ್ ಬದಲಿಸುವಾಗ ಅವನು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ನಾನು ಚಕ್ರದ ಬಳಿ ಸ್ಕ್ರೂ ಸಡಿಲಿಸಿ ಹಳತನ್ನೂ ಗಾಳಿಯನ್ನೂ ಹೊರಗೆ ಬಿಡಬೇಕು. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು 'ಶೆಟ್ರ' ಎನ್ನುತ್ತಿದ್ದ. ಕಾಲಿಂದ ಒತ್ತುವ ಕೆಲಸದವನಿಗೆ ಅಷ್ಟು ಸಾಕೆಂದು ನನ್ನ ಲೆಕ್ಕಾಚಾರ.

ಮಳೆಗಾಲ ಮುಗಿದ ಮೇಲಿನ ಮೊದಲ ರೇಸಿಗೆ ತಮಿಳುನಾಡಿಗೆ ಹೋದೆವು. ಡಬ್ಬಿಯನ್ನು ಅಕ್ಕಿಯಿಂದ ತೆಗೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ, ಯಾವತ್ತಾದರೂ ಇವರ ದುಂದಿಗೆ ಪಾಠ ಕಲಿಸಬೇಕೆಂದು. ರೇಸಿನ ದಿನ ಬೆಳಿಗ್ಗೆ ನೋಡಿದರೆ, ಉಳಿದಿದ್ದ ಒಂದೇ ಸೀಲು ಡಬ್ಬಿಯನ್ನು ರೋಹನ್ ಸ್ನೇಹಿತರಿಗೆ ತೋರಿಸಲು ತೆರೆದು, ಬಾನೆಟ್ಟಿನ ಮೇಲೆ ಇಟ್ಟು, ಕೈ ತಾಗಿಸಿ ಉರುಳಿಸಿದ್ದ. ಆಯಿಲ್ ಬಿದ್ದ ಕಡೆ ಬಣ್ಣದಲ್ಲೂ ಗುಳ್ಳೆ ಎದ್ದಿತ್ತು. ಉಸ್ತಾದರು ತಪಾಸಣೆಯವರ ಹತ್ತಿರ ಇದ್ದರು. ನಾನು ನನ್ನ ಡಬ್ಬಿ ಹೊರತೆಗೆದೆ.

"ಇದರ ಸೀಲ್ ಒಡದದಲ್ರಿ ಶೆಟ್ರ" ಎಂದ ಶರಣಪ್ಪ.

"ಒಡೆದ್ರೆ ಎಂತಾಯ್ತು? ಗಟ್ಟಿ ಮುಚ್ಚಿ ಇಟ್ಟದ್ದು."

"ಬಾಜೂ ಟೀಮಿನವರ ಕಡಿ ಒಂದ್ ಡಬ್ಬಿ ಕೇಳ್ಕೊಂಡ್ ಬರ್ಲೇನ್ರಿ? ಕೊಡ್ತಾರ."

"ಆ ಶೋಕಿವಾಲರ ಹತ್ರ ಬೇಡುವುದಾ? ನಿನಗೆ ಎಂತ ಗೊತ್ತುಂಟು ಮಾರಾಯ. ಒತ್ತು ನೀನು."

ಅವನು ಸೀಟಿಗೆ ಹತ್ತಿ ಪೆಡಲ್ ಒತ್ತಿದ.

ಐದನೆಯ ಸುತ್ತಿನಲ್ಲಿ, ನೇರ ರಸ್ತೆ ಮುಗಿದು ತಿರುವು ಬರುವಲ್ಲಿ, ರೋಹನನ ಪೆಡಲ್ ನೆಲ ಮುಟ್ಟಿತು. ಕಾರು ತಿರುಗದೆ ಟೈರುಗಳ ಗೋಡೆಗೆ ನುಗ್ಗಿತು. ಅವನನ್ನು ಹೊರಗೆಳೆದರು. ಭುಜದ ಎಲುಬು ಮುರಿದಿತ್ತು, ಜೀವ ಉಳಿದಿತ್ತು. ಸ್ಟ್ರೆಚರಿನ ಮೇಲೆ ಮಲಗಿ ಆ ಪೆದ್ದ ನನಗೇ "ಸಾರಿ ಬಾಸ್, ಮೈನೇ ಲೇಟ್ ಬ್ರೇಕ್ ಕಿಯಾ" ಎಂದ, ಬ್ರೇಕ್ ಒತ್ತಿದ್ದು ತಡವಾಯಿತು ಎಂದು. ಅವನನ್ನು ಅಷ್ಟು ದಿನ ಹೀಯಾಳಿಸಿದವನು ನಾನು.

ಉಸ್ತಾದರು ಕಾರನ್ನು ಎಳೆಸಿ ತಂದು ಸ್ಕ್ರೂ ಸಡಿಲಿಸಿದರು. ಗುಳ್ಳೆ ಗುಳ್ಳೆಯಾಗಿ ಬಂತು.

"ಖುಲಾ ಡಬ್ಬಾ ಕಿಸ್‌ನೇ ಡಾಲಾ?" ಎಂದು ಕೇಳಿದರು. ತೆರೆದ ಡಬ್ಬಿ ಸುರಿದವರು ಯಾರು ಎಂದು.

ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪ, "ಹಮ್ ದೋನೋನೇ" ಎಂದ. ಇಬ್ಬರೂ.

ಉಸ್ತಾದರು ನನ್ನ ಕಡೆ ನೋಡಲೇ ಇಲ್ಲ. ಡಿಪ್ಲೊಮಾದವನು ಇಂಥದ್ದು ಮಾಡಲಾರ, ಇಟ್ಟಿಗೆ ಹೊತ್ತವನೇ ಮಾಡಿರಬೇಕು ಎಂದು ಅವರೂ ನನ್ನಂತೆಯೇ ಲೆಕ್ಕ ಹಾಕಿದರು. ನಾಳೆಯಿಂದ ಬರಬೇಡ ಎಂದರು ಅವನಿಗೆ. ಶರಣಪ್ಪ ನನ್ನ ಕಡೆ ತಿರುಗಿದ. ಒಂದು ಮಾತು ಸಾಕಿತ್ತು. ನಾನು ಬಟ್ಟೆ ತೆಗೆದುಕೊಂಡು ಸ್ಪ್ಯಾನರು ಒರೆಸತೊಡಗಿದೆ.

ಮುಂದಿನ ಭಾನುವಾರ ವಿಠ್ಠಲವಾಡಿಗೆ ಹೋದೆ, ತಪ್ಪೊಪ್ಪಿಕೊಳ್ಳಬೇಕೆಂದು. ಶರಣಪ್ಪ ಲಾರಿ ಮಾಲು ಇಳಿಸುವ ಕೆಲಸ ಹುಡುಕಿಕೊಂಡು ಕಲ್ಯಾಣಕ್ಕೆ ಹೋಗಿದ್ದ. ಹೆಂಡತಿ ಬಾಗಿಲಿಗೆ ಬಂದಳು.

"ಶೆಟ್ರಲ್ರೀ ನೀವು? ಬರ್ರಿ, ಒಳಗ ಬರ್ರಿ. ಅಲ್ಲಿ ನಮ್ ಮಂದಿ ಒಬ್ರು ಅದಾರ, ಚಿಂತಿ ಇಲ್ಲ ಅಂತ ಇವ್ರು ಯಾವಾಗ್ಲೂ ಅಂತಿದ್ರು."

ಕೆಲಸ ಹೋದದ್ದು ಯಾರಿಂದ ಎಂದು ಅವನು ಮನೆಯಲ್ಲಿ ಹೇಳಿರಲಿಲ್ಲ. ಅವಳು ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತು, "ಹೊಳ್ಳಿ ಕೆಲ್ಸಕ್ಕ ಕರೀಲಾಕ ಬಂದೀರೇನ್ರಿ?" ಎಂದು ಕೇಳಿದಳು.

"ಹೌದು. ಉಸ್ತಾದರ ಹತ್ರ ಮಾತಾಡ್ತೇನೆ" ಎಂದೆ. ಎರಡು ರೊಟ್ಟಿ ತಿಂದೆ. ಅಷ್ಟು ರುಚಿಯಾದ ಊಟ ಈ ಊರಿಗೆ ಬಂದ ಮೇಲೆ ಮಾಡಿರಲಿಲ್ಲ. ಸೋಮವಾರ ಉಸ್ತಾದರು ಬಂದರು, ಚಹಾ ಕುಡಿದರು, ನಾನು ಮಾತಾಡಲಿಲ್ಲ. ಮಂಗಳವಾರವೂ ಇಲ್ಲ.

ಈಗ ಗ್ಯಾರೇಜು ನನ್ನ ಕೈಯಲ್ಲೇ ನಡೆಯುತ್ತದೆ. ಮರಾಠಿಯಲ್ಲಿ ಬೈಯುತ್ತೇನೆ, ಹಿಂದಿಯಲ್ಲಿ ಚೌಕಾಸಿ ಮಾಡುತ್ತೇನೆ, ಇಲ್ಲಿಯವರು ನನ್ನನ್ನು ಹೊರಗಿನವನೆನ್ನುವುದು ಬಿಟ್ಟು ಬಹಳ ಕಾಲವಾಯಿತು. ಊರಿಗೆ ಹೋದರೆ ಬೊಂಬಾಯಿಯವನು ಎನ್ನುತ್ತಾರೆ, ಅದೂ ಸರಿಯೇ. ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದವರು ಬಂದು, "ನೀವು ನಮ್ಮವರು, ವೇದಿಕೆ ಮೇಲೆ ಕೂರಬೇಕು" ಎಂದು ಒತ್ತಾಯಿಸುತ್ತಾರೆ. ಕಲ್ಯಾಣ, ವಿಠ್ಠಲವಾಡಿಯಿಂದೆಲ್ಲ ಜನ ಬರುತ್ತಾರಂತೆ. ನಾನು ಚಂದಾ ಕೊಟ್ಟು ಕಳಿಸುತ್ತೇನೆ. ನನಗೆ ರೊಟ್ಟಿ ಬಡಿಸಿದ ಆ ಹೆಂಗಸು ಕೊನೆಯ ಸಾಲಿನಲ್ಲಿ ಕೂತಿದ್ದರೆ ಎಂಬ ಭಯಕ್ಕೆ ಇವತ್ತಿನವರೆಗೂ ಹೋಗಿಲ್ಲ.